ಮಂಡಕಳ್ಳಿಗೆ ಬಂದ ವಿಮಾನ ಏಕೆ ಉಳಿಯುವುದಿಲ್ಲ?

ಪ್ರಶ್ನೆ: ಮೈಸೂರಿನಿಂದ ಹೊಸ ಊರಿಗೆ ವಿಮಾನ ಶುರುವಾಯಿತೆಂದು ಓದುತ್ತೇವೆ, ಕೆಲವು ವರ್ಷಗಳಲ್ಲಿ ನಿಂತಿತೆಂದೂ ಓದುತ್ತೇವೆ. ನಮ್ಮ ಕಡೆ ಪ್ರಯಾಣಿಕರೇ ಇಲ್ಲವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಪ್ರಯಾಣಿಕರು ಧಾರಾಳವಾಗಿದ್ದಾರೆ. ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವವರನ್ನು ನೋಡಿ, ಅವರೆಲ್ಲ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಸಿಗಬೇಕಾಗಿದ್ದವರು.

ವಿಮಾನ ಸಂಸ್ಥೆಯೊಂದರ ವೇಳಾಪಟ್ಟಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ನಮ್ಮ ಮೇಜಿನ ಮೇಲೆ ಯಾವ ಊರಿಗೂ ಕಾಯಂ ಜಾಗವಿರಲಿಲ್ಲ. 1953ರಲ್ಲಿ ಎಂಟು ಕಂಪನಿಗಳನ್ನು ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದ ಮೇಲೆ ಮಹಾನಗರಗಳ ಗಳಿಕೆ ಸಣ್ಣ ಊರುಗಳ ನಷ್ಟವನ್ನು ಹೊರುತ್ತಿತ್ತು. ಸಣ್ಣ ಊರುಗಳಿಗೆಂದೇ 1981ರಲ್ಲಿ ಬಂದ ವಾಯುದೂತ್ ಸಂಸ್ಥೆ ನಷ್ಟದಲ್ಲಿ ಮುಳುಗಿತು. 1994ರಲ್ಲಿ ಸರ್ಕಾರಿ ಸಂಸ್ಥೆಗಳ ಏಕಸ್ವಾಮ್ಯದ ಕಾನೂನು ರದ್ದಾಯಿತು. ಅಂದಿನಿಂದ ಬಹುಪಾಲು ಮಾರ್ಗಗಳು ತಮ್ಮ ಖರ್ಚನ್ನು ತಾವೇ ದುಡಿಯಬೇಕು.

ಕೇಂದ್ರ ಸರ್ಕಾರದ 2016ರ ಉಡಾನ್ ಯೋಜನೆ ಈ ಕೊರತೆ ತುಂಬಲು ಬಂತು. ಅರ್ಧದಷ್ಟು ಆಸನಗಳಿಗೆ ದರದ ಮಿತಿ, ಅದರಿಂದಾಗುವ ನಷ್ಟಕ್ಕೆ ಸಹಾಯಧನ. ಆದರೆ ಆ ನೆರವು ಮೂರು ವರ್ಷಕ್ಕೆ ಮಾತ್ರ. ನೀವು ಹೇಳುವ 'ಕೆಲವು ವರ್ಷ'ದ ಗುಟ್ಟು ಬಹುಪಾಲು ಇಲ್ಲಿದೆ. ನೆರವು ನಿಂತ ದಿನ ಸಂಸ್ಥೆ ಅದೇ ವಿಮಾನವನ್ನು ಹೆಚ್ಚು ಗಳಿಸುವ ಮಾರ್ಗಕ್ಕೆ ಒಯ್ಯುತ್ತದೆ.

ನನಗೆ ನಿಜವಾಗಿ ಸಂಕಟವಾಗುವುದು ರನ್‌ವೇ ವಿಷಯದಲ್ಲಿ. ಮಂಡಕಳ್ಳಿಯದು 1740 ಮೀಟರ್. ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ ವಿಮಾನಕ್ಕೆ ಅದು ಸಾಕು. ನೂರ ಎಂಬತ್ತು ಜನರನ್ನು ಹೊರುವ ಏರ್‌ಬಸ್ ತುಂಬಿದ ಹೊರೆಯೊಂದಿಗೆ ಮೇಲೇರಲು ಸಾಲದು. ಎಟಿಆರ್ ನಿಧಾನ, ದೂರದ ಊರಿಗೆ ಹೇಳಿ ಮಾಡಿಸಿದ್ದಲ್ಲ. ಹಾಗಾಗಿ ದೆಹಲಿಗೆ ನೇರ ವಿಮಾನದ ಆಸೆ ಕಾಗದದಲ್ಲೇ ಉಳಿದಿದೆ. ಉಳಿಯುವುದು ಚೆನ್ನೈ, ಹೈದರಾಬಾದಿನಂಥ ಹತ್ತಿರದ ಊರುಗಳು, ಅಲ್ಲಿ ರೈಲು, ಬಸ್ಸಿನೊಡನೆ ಪೈಪೋಟಿ.

ರನ್‌ವೇಯನ್ನು 2750 ಮೀಟರಿಗೆ ಬೆಳೆಸುವ ಯೋಜನೆಯಿದೆ. ಅದಕ್ಕೆ ರೈತರ ಜಮೀನು ಬೇಕು, ನಂಜನಗೂಡಿನ ಹೆದ್ದಾರಿಗೆ ಬೇರೆ ದಾರಿ ಮಾಡಬೇಕು. ರೈತರಿಗೆ ನ್ಯಾಯವಾದ ಬೆಲೆ ಮೊದಲು ಸಿಗಲಿ, ಅದರಲ್ಲಿ ಎರಡು ಮಾತಿಲ್ಲ. ಹೊಸ ವಿಮಾನಕ್ಕಾಗಿ ಮನವಿ ಕೊಡುವ ಸಂಘಗಳು ಮಾತ್ರ ಊರಿನ ಹೆಸರು ಹಿಡಿದು ಕೇಳುವುದನ್ನು ಬಿಟ್ಟು, ಈ ಸಾವಿರದ ಹತ್ತು ಮೀಟರಿಗಾಗಿ ಕೇಳಬೇಕು. ಅದು ಸಿಕ್ಕರೆ ಸಹಾಯಧನವಿಲ್ಲದೆಯೂ ವಿಮಾನ ಬರುತ್ತದೆ.