ಗೆಳತಿಯ ಊರಿಗೆ ಮತ ಹಾಕಲೇ, ಬೇಡವೇ?

ಪ್ರಶ್ನೆ: ಹದಿನೆಂಟು ವರ್ಷಗಳಿಂದ ಅಮೆರಿಕದಲ್ಲಿರುವ ಮೂತ್ರಪಿಂಡ ತಜ್ಞೆ ನಾನು. ನಮ್ಮ ವೈದ್ಯರ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಸ್ಥಳ ಆರಿಸುವ ಸಮಿತಿಯಲ್ಲಿದ್ದೇನೆ. ಮೂರು ವರ್ಷದ ನಂತರದ ಸಮ್ಮೇಳನಕ್ಕೆ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ಮತ್ತು ಮಿನೆಸೋಟಾದ ಮಿನಿಯಾಪೊಲಿಸ್ ಕೊನೆಯ ಸುತ್ತಿನಲ್ಲಿವೆ. ಟೆಕ್ಸಾಸಿನಲ್ಲಿ ಗರ್ಭಪಾತಕ್ಕೆ ಕಟ್ಟುನಿಟ್ಟಿನ ನಿಷೇಧವಿದೆ, ಮಿನೆಸೋಟಾದಲ್ಲಿ ಇಲ್ಲ. ಮತಗಳು ಸಮನಾಗಿ ಹಂಚಿಹೋಗಿದ್ದು, ನನ್ನ ಮತವೇ ನಿರ್ಣಾಯಕ. ಹುಬ್ಬಳ್ಳಿಯಲ್ಲಿ ಜೊತೆಯಲ್ಲಿ ಓದಿದ ನನ್ನ ಜೀವದ ಗೆಳತಿ ಸ್ಯಾನ್ ಆಂಟೋನಿಯೊದಲ್ಲಿ ಹೆರಿಗೆ ವೈದ್ಯೆ. ‘ನೀವೂ ಬರದಿದ್ದರೆ ನಮ್ಮನ್ನು ಕೇಳುವವರು ಯಾರು?’ ಎನ್ನುತ್ತಾಳೆ. ಈ ವರ್ಷದ ಸಮ್ಮೇಳನ ಟೆಕ್ಸಾಸಿನದೇ ಇನ್ನೊಂದು ಊರಾದ ಹ್ಯೂಸ್ಟನ್‌ನಲ್ಲಿ. ನನ್ನ ಕೈಕೆಳಗೆ ತರಬೇತಿಯಲ್ಲಿರುವ ಹುಡುಗಿಯ ಪ್ರಬಂಧ ಅದಕ್ಕೆ ಆಯ್ಕೆಯಾಗಿದೆ. ವಿಡಿಯೊ ಮೂಲಕ ಮಂಡಿಸಲು ಅನುಮತಿ ಕೇಳುವ ನಮೂನೆಯಲ್ಲಿ ‘ಕಾರಣ’ದ ಮುಂದೆ ‘ವೈಯಕ್ತಿಕ’ ಎಂದು ಬರೆದಳು. ವಿವರ ಬೇಕೆಂದು ಕಚೇರಿಯವರು ಅದನ್ನು ವಾಪಸ್ ಕಳಿಸಿದರು. ಆಕೆಗೀಗ ಹತ್ತು ವಾರದ ಬಸಿರು. ಸಮ್ಮೇಳನದ ಹೊತ್ತಿಗೆ ಹದಿನೆಂಟಾಗುತ್ತದೆ. ಮನೆಯವರಿಗೂ ಹೇಳಿಲ್ಲ. ನನ್ನೆದುರು ಕುಳಿತು ಅತ್ತಳು. ಸಮಿತಿಯ ಕೆಲವರು ‘ನಾವು ಕಿಡ್ನಿ ಡಾಕ್ಟರುಗಳು, ಈ ರಾಜಕೀಯ ನಮಗೇಕೆ?’ ಎನ್ನುತ್ತಾರೆ. ನಾನು ಏನು ಮಾಡಲಿ?
– ಹೆಸರು ಬೇಡ

ಉತ್ತರ: ಡಾಕ್ಟರೇ, ನಿಮ್ಮ ಪತ್ರ ಓದುತ್ತಾ ಆ ನಮೂನೆಯ ಮಾತು ಬಂದಲ್ಲಿ ನಿಂತುಬಿಟ್ಟೆ. ಹತ್ತು ವಾರದ ಬಸುರಿ ಹೆತ್ತವರಿಗೂ ಹೇಳದ ಸುದ್ದಿಯನ್ನು ಮುಖ ಕಾಣದ ಯಾವುದೋ ಕಚೇರಿಗೆ ಬರೆದು ತಿಳಿಸಬೇಕು. ಇಲ್ಲವೇ ಅಂಜಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ವಿಮಾನ ಹತ್ತಬೇಕು. ಎರಡೂ ಬೇಡವೆಂದರೆ ವರ್ಷಗಟ್ಟಲೆ ದುಡಿದು ಬರೆದ ಪ್ರಬಂಧದ ಆಸೆ ಬಿಡಬೇಕು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ ಎಂದು ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಎಚ್ಚರಿಸುತ್ತಿದ್ದರು. ಆ ಗುಟ್ಟು ಯಾವಾಗ, ಯಾರೆದುರು ಬಿಚ್ಚಬೇಕೆಂಬುದು ಬಸುರಿಗೆ ಬಿಟ್ಟ ಮಾತಾಗಿತ್ತು. ಅದನ್ನು ಒಂದು ನಮೂನೆ ಕಸಿದುಕೊಂಡಿತಲ್ಲ ಎಂದು ನನಗೆ ಸಂಕಟವಾಯಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಿನಿಯಾಪೊಲಿಸ್‌ಗೆ ಮತ ಹಾಕಿ. ಆದರೆ ಟೆಕ್ಸಾಸಿಗೆ ಬುದ್ಧಿ ಕಲಿಸಲೆಂದು ಹಾಕಬೇಡಿ. ಒಂದು ವೈದ್ಯ ಸಂಘ ತಮ್ಮ ಊರಿಗೆ ಬರಲಿಲ್ಲವೆಂದು ಅಲ್ಲಿನ ಶಾಸಕರು ಕಾನೂನು ತಿದ್ದುತ್ತಾರೆಂದು ನಾನು ನಂಬುವುದಿಲ್ಲ. ನನ್ನ ಕಾರಣ ಅದಕ್ಕಿಂತ ಹಳೆಯದು: ನೆಂಟರನ್ನು ಮನೆಗೆ ಕರೆದವರು ಬಾವಿಯ ಕಟ್ಟೆ ಗಟ್ಟಿಯಿದೆಯೇ ಎಂದು ಮೊದಲು ನೋಡಬೇಕು. ಅದರಲ್ಲೂ ನಿಮ್ಮ ಸಮ್ಮೇಳನಕ್ಕೆ ಬರುವ ಕಿರಿಯರು ಮನಸ್ಸಿದ್ದರೆ ಬರುವವರಲ್ಲ. ಕೆಲಸ ಸಿಗಬೇಕಾದರೆ ನಾಲ್ಕು ಜನರ ಮುಂದೆ ನಿಂತು ಮಾತನಾಡಲೇಬೇಕು. ವೈದ್ಯಕೀಯ ತರಬೇತಿಯ ವರ್ಷಗಳೂ ಹೆರಿಗೆಯ ವರ್ಷಗಳೂ ಒಂದರ ಮೇಲೊಂದು ಬೀಳುತ್ತವೆ ಎಂಬುದು ನಿಮಗೆ ಅನುಭವದಿಂದಲೇ ಗೊತ್ತಿದ್ದೀತು.

ಆ ಹುಡುಗಿಯ ಅಂಜಿಕೆ ಕಲ್ಪನೆಯದಲ್ಲ. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಡಾಬ್ಸ್ ಪ್ರಕರಣದ ತೀರ್ಪಿನಲ್ಲಿ ಗರ್ಭಪಾತದ ವಿಷಯವನ್ನು ರಾಜ್ಯಗಳ ಕೈಗೆ ಒಪ್ಪಿಸಿತು. ಆಗಸ್ಟ್ 25ರಿಂದ ಟೆಕ್ಸಾಸಿನಲ್ಲಿ ಜಾರಿಗೆ ಬಂದ ಕಾನೂನಿನಂತೆ, ತಾಯಿಯ ಜೀವಕ್ಕೆ ಅಪಾಯವಿದ್ದಾಗ ಅಥವಾ ದೇಹದ ಮುಖ್ಯ ಕಾರ್ಯವೊಂದಕ್ಕೆ ಗಂಭೀರ ಹಾನಿಯ ಭಯವಿದ್ದಾಗ ಬಿಟ್ಟರೆ, ಗರ್ಭಪಾತ ಮಾಡಿಸಿದ ವೈದ್ಯರಿಗೆ ಜೀವಾವಧಿಯವರೆಗೆ ಜೈಲು, ಕನಿಷ್ಠ 1 ಲಕ್ಷ ಡಾಲರ್ ದಂಡ, ಪರವಾನಗಿ ರದ್ದು. ಅದೇ ಆಗಸ್ಟಿನಲ್ಲಿ ಟೆಕ್ಸಾಸಿನ ಅಮಾಂಡಾ ಜುರಾವ್ಸ್ಕಿ ಎಂಬ ಮಹಿಳೆಗೆ ಹದಿನೆಂಟನೆಯ ವಾರದಲ್ಲಿ ಗರ್ಭದ ನೀರು ಒಡೆಯಿತು. ಮಗು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎದೆಬಡಿತ ಇರುವವರೆಗೆ ಕೈ ಹಾಕಲು ವೈದ್ಯರು ಹೆದರಿದರು. ಮೈಗೆ ನಂಜೇರಿದ ಮೇಲಷ್ಟೇ ಚಿಕಿತ್ಸೆ ಸಿಕ್ಕಿತು. ದಿನಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಮಲಗಿದರು. ಅವರೂ ಇತರರೂ ಹೂಡಿದ ಮೊಕದ್ದಮೆಯಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ 2024ರಲ್ಲಿ ಕಾನೂನನ್ನೇ ಎತ್ತಿಹಿಡಿಯಿತು. ಸಾವು ಹೊಸ್ತಿಲಿಗೆ ಬರುವವರೆಗೆ ಕಾಯಬೇಕಿಲ್ಲ ಎಂದು ಬಿಡಿಸಿ ಹೇಳುವ ತಿದ್ದುಪಡಿ 2025ರಲ್ಲಿ ಬಂತು. ಒಳ್ಳೆಯದೇ ಆಯಿತು. ಆದರೆ ಮಧ್ಯರಾತ್ರಿ ಆಸ್ಪತ್ರೆಯ ವಕೀಲರಿಗೆ ಫೋನ್ ಮಾಡುವ ಅಭ್ಯಾಸ ಒಂದು ತಿದ್ದುಪಡಿಯಿಂದ ಬಿಟ್ಟುಹೋಗುವುದಿಲ್ಲ. ಬೇರೆ ರಾಜ್ಯಕ್ಕೆ ಓಡೋಣವೆಂದರೆ, ಸ್ಯಾನ್ ಆಂಟೋನಿಯೊದಿಂದ ಎಲ್ ಪಾಸೋ ದಾಟಿ ನ್ಯೂ ಮೆಕ್ಸಿಕೊ ಸೇರಲು 850 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ಬೀದರಿಗೂ ಅಷ್ಟಿಲ್ಲ.

ಇದನ್ನೆಲ್ಲ ಬರೆಯುವಾಗ ಕನ್ನಡದ ಯಾವ ಹೆಂಗಸಿಗೂ ಸವಿತಾ ಹಾಲಪ್ಪನವರ ನೆನಪಾಗದಿರದು. ತವರು ಬೆಳಗಾವಿ, ದಂತವೈದ್ಯೆ, 31 ವರ್ಷ. ಹದಿನೇಳು ವಾರದ ಬಸುರಿ 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆ ಸೇರಿದರು. ಗರ್ಭ ಉಳಿಯದೆಂದು ತಿಳಿದು, ತೆಗೆದುಬಿಡಿ ಎಂದು ಕೇಳಿಕೊಂಡರು. ಎದೆಬಡಿತ ಇದೆಯೆಂದು ಒಪ್ಪಲಿಲ್ಲ. 28ರಂದು ನಂಜಿನಿಂದ ತೀರಿಕೊಂಡರು. ಆಸ್ಪತ್ರೆಯ ನಿಗಾದಲ್ಲೂ ಲೋಪಗಳಿದ್ದವೆಂದು ತನಿಖೆ ಹೇಳಿತು. ಕಾನೂನಿನ ಅಸ್ಪಷ್ಟತೆ ಅದರ ಜೊತೆ ಸೇರಿಕೊಂಡಿತ್ತು. 2018ರ ಮೇ 25ರಂದು ಐರ್ಲೆಂಡಿನ ಜನ ಶೇ 66ಕ್ಕೂ ಹೆಚ್ಚು ಮತಗಳಿಂದ ಗರ್ಭಪಾತದ ಮೇಲೆ ಸಂವಿಧಾನದಲ್ಲಿದ್ದ ನಿರ್ಬಂಧವನ್ನು ಕಿತ್ತುಹಾಕಿದರು. ಓದು, ಒಳ್ಳೆಯ ಆಸ್ಪತ್ರೆ, ಪಕ್ಕದಲ್ಲಿ ಗಂಡ, ಸ್ವತಃ ವೈದ್ಯವೃತ್ತಿ ಎಲ್ಲವೂ ಸವಿತಾ ಅವರಿಗಿತ್ತು. ‘ಡಾಕ್ಟರುಗಳ ಸಮ್ಮೇಳನ ತಾನೆ, ಏನಾದರೂ ಆದರೆ ನೋಡಿಕೊಳ್ಳೋಣ’ ಎನ್ನುವವರು ನಿಮ್ಮ ಸಮಿತಿಯಲ್ಲಿದ್ದರೆ ಅವರಿಗೆ ಈ ಒಬ್ಬ ಡಾಕ್ಟರ ಕಥೆಯನ್ನು ಹೇಳಿ.

‘ಕಿಡ್ನಿ ಡಾಕ್ಟರುಗಳಿಗೇಕೆ’ ಎಂಬ ಮಾತು ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ಗರ್ಭಪಾತದ ನಂಜಿನಿಂದ ಮೂತ್ರ ಕಟ್ಟಿ ಡಯಾಲಿಸಿಸ್‌ಗೆ ಬರುವ ಹೆಂಗಸರು ಒಂದು ಕಾಲದಲ್ಲಿ ನಮ್ಮ ದೇಶದ ಮೂತ್ರಪಿಂಡ ವಿಭಾಗಗಳಿಗೆ ಹೊಸಬರಾಗಿರಲಿಲ್ಲ. ಗರ್ಭಪಾತಕ್ಕೆ ಅನುಮತಿ ಕೊಡುವ 1971ರ ಕಾನೂನು ಬಂದು, ಸುರಕ್ಷಿತ ಗರ್ಭಪಾತ ಕೈಗೆ ಸಿಗುವಂತಾದ ಮೇಲೆ ಆ ಸಂಖ್ಯೆ ಇಳಿಯಿತು. ಇಂದೂ ಲೂಪಸ್ ಎಂಬ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟ ಹೆಣ್ಣುಮಕ್ಕಳಿಗೆ ನೀವು ಮೈಕೋಫಿನೊಲೇಟ್ ಎಂಬ ಔಷಧ ಬರೆಯುತ್ತೀರಿ; ಅದು ಭ್ರೂಣಕ್ಕೆ ಹಾನಿಕರವೆಂದು, ಬಸಿರಾಗದಂತೆ ಎಚ್ಚರಿಸಿಯೇ ಬರೆಯುತ್ತೀರಿ. ಎಚ್ಚರಿಕೆ ಮೀರಿ ಬಸಿರಾದಾಗ ಆ ಹುಡುಗಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ನಿಮ್ಮ ಔಷಧಚೀಟಿಯಲ್ಲೇ ಇದೆ. ಇದನ್ನು ನನಗಿಂತ ಚೆನ್ನಾಗಿ ನೀವೇ ಸಮಿತಿಗೆ ಹೇಳಬಲ್ಲಿರಿ.

ಇನ್ನು ನಿಮ್ಮ ಗೆಳತಿ. ಆಕೆಯ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಸತ್ಯವಿದೆ. ಆಕೆ ಆ ಊರು ಬಿಟ್ಟು ಬಂದಿದ್ದರೆ ಇಂದಿಗೆ ಯಾರೂ ದೂರುತ್ತಿರಲಿಲ್ಲ. ಜೈಲಿನ ಬೆದರಿಕೆ ತಲೆಯ ಮೇಲಿದ್ದೂ ಅಲ್ಲಿಯೇ ನಿಂತು ಹೆರಿಗೆ ಮಾಡಿಸುತ್ತಿದ್ದಾಳೆ. ಸುರಕ್ಷಿತ ರಾಜ್ಯದಲ್ಲಿ ಕುಳಿತವರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದಂತೆ ಆಕೆಗೆ ಕಂಡರೆ ಅದು ಸಹಜ. ಹೋಟೆಲಿನ ಕೋಣೆ ಗುಡಿಸುವವರು, ಟ್ಯಾಕ್ಸಿ ಓಡಿಸುವವರು ನಾಲ್ಕು ದಿನದ ದುಡಿಮೆ ಕಳೆದುಕೊಳ್ಳುತ್ತಾರೆಂಬ ಮಾತಿಗೂ ನನ್ನ ಬಳಿ ಪೂರ್ತಿ ಸಮಾಧಾನದ ಉತ್ತರವಿಲ್ಲ. ಆ ನಷ್ಟ ನಿಜ. ಅದನ್ನು ಒಂದು ಕಡೆ, ಆಸ್ಪತ್ರೆಯ ಮಂಚದ ಮೇಲೆ ಕಾಯುತ್ತಿರುವ ಒಬ್ಬ ಹುಡುಗಿಯನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ ನನ್ನ ಮನಸ್ಸು ಹುಡುಗಿಯ ಕಡೆಗೇ ವಾಲುತ್ತದೆ.

ಆದ್ದರಿಂದ ಮತದ ಸುದ್ದಿ ಬೇರೆಯವರ ಬಾಯಿಂದ ಆಕೆಗೆ ತಲುಪಬಾರದು. ಸಭೆಗೆ ಮೊದಲು ನೀವೇ ಫೋನ್ ಮಾಡಿ, ‘ನಿನ್ನ ಊರಿನ ವಿರುದ್ಧವಾಗಿ ಮತ ಹಾಕುತ್ತಿದ್ದೇನೆ, ಕಾರಣ ಇದು’ ಎಂದು ನೇರವಾಗಿ ಹೇಳಿ. ಹದಿನೆಂಟನೆಯ ವಾರದಲ್ಲಿ ನೀರು ಒಡೆದವಳು ರಾತ್ರಿ ಹನ್ನೊಂದಕ್ಕೆ ನಿನ್ನ ಆಸ್ಪತ್ರೆಗೆ ಬಂದರೆ ಏನಾಗುತ್ತದೆ ಎಂದು ಆಕೆಯನ್ನೇ ಕೇಳಿ. ಹೆರಿಗೆ ವೈದ್ಯೆ ಕೊಡುವ ಉತ್ತರ ನಿಮ್ಮಿಬ್ಬರಿಗೂ ಬೇಕಾಗಿದೆ. ಬೈದರೆ ಬೈಸಿಕೊಳ್ಳಿ, ಹಾಸ್ಟೆಲಿನಲ್ಲಿ ಒಂದೇ ಡಬ್ಬಿಯ ಅವಲಕ್ಕಿ ಹಂಚಿಕೊಂಡವರ ಸ್ನೇಹ ಒಂದು ಫೋನಿಗೆ ಹರಿಯುವಷ್ಟು ತೆಳುವಾಗಿರುವುದಿಲ್ಲ. ಜೊತೆಗೆ ಸಮಿತಿಯ ಮುಂದೆ ಒಂದು ಬೇಡಿಕೆಯಿಡಿ: ಟೆಕ್ಸಾಸಿನಂಥ ರಾಜ್ಯಗಳಲ್ಲಿ ದುಡಿಯುವ ವೈದ್ಯರ ಪ್ರಯಾಣದ ಖರ್ಚನ್ನು ಸಂಘ ಭರಿಸಲಿ, ಮೂತ್ರಪಿಂಡದ ಕಾಯಿಲೆಯಿರುವ ಬಸುರಿಯರ ಬಗ್ಗೆ ಅವರಿಂದಲೇ ಒಂದು ಗೋಷ್ಠಿ ನಡೆಯಲಿ, ಮೊದಲ ಆಹ್ವಾನ ನಿಮ್ಮ ಗೆಳತಿಗೆ ಹೋಗಲಿ. ನೀವು ರಜೆ ಹಾಕಿ ಸ್ಯಾನ್ ಆಂಟೋನಿಯೊಗೆ ಹೋಗಿ ಆಕೆಯ ಮನೆಯಲ್ಲಿ ನಾಲ್ಕು ದಿನ ಇದ್ದು ಬನ್ನಿ. ‘ಕೇಳುವವರು ಯಾರು’ ಎಂದು ಆಕೆ ಕೇಳಿದ್ದು ಸಂಘವನ್ನಲ್ಲ, ನಿಮ್ಮನ್ನು.

ಮೂರು ವರ್ಷದ ನಂತರದ ಮಾತು ಹಾಗಿರಲಿ. ಹ್ಯೂಸ್ಟನ್ ಎಂಟೇ ವಾರ ದೂರದಲ್ಲಿದೆ. ಹೋಗುವುದೋ ಬಿಡುವುದೋ ಆ ಹುಡುಗಿಯೂ ಆಕೆಯನ್ನು ನೋಡಿಕೊಳ್ಳುವ ವೈದ್ಯರೂ ಸೇರಿ ತೀರ್ಮಾನಿಸಲಿ. ನೀವು ಒತ್ತಾಯಿಸಬೇಡಿ, ತಡೆಯಲೂ ಬೇಡಿ. ಕೇಳಿದ ಎಲ್ಲರಿಗೂ, ಗಂಡಸರಿಗೂ, ವಿಡಿಯೊ ಮೂಲಕ ಮಂಡಿಸಲು ಅವಕಾಶ ಕೊಡಿಸಿ. ಆಗ ಯಾರು ಏಕೆ ಬರಲಿಲ್ಲವೆಂದು ಯಾರೂ ಲೆಕ್ಕ ಹಾಕಲಾರರು. ಮತ್ತು ಆ ನಮೂನೆಯಿಂದ ‘ಕಾರಣ’ ಎಂಬ ಸಾಲನ್ನು ಈ ವಾರವೇ ತೆಗೆಸಿ. ಅದಕ್ಕೆ ಯಾರ ಮತವೂ ಬೇಕಿಲ್ಲ.