ಓದೋಕೆ ಬರದ ಪೇಷಂಟ್‌ದು ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಔಷಧಿ ಟ್ರಯಲ್‌ಗೆ ಕನ್ಸೆಂಟ್ (ಒಪ್ಪಿಗೆ) ಮುಗೀತಾ?

ಸಾಕ್ಷಿ ಸಹಿ ಆಮೇಲೆ ಯಾರ ಹತ್ರನಾದ್ರೂ ಹಾಕಿಸಿದ್ರಾಯ್ತು ಅಂತ ಡಾಕ್ಟರ್ ಹೇಳಿದಾರೆ, ನಡೆಯುತ್ತಾ ಅಂದ್ರಲ್ಲ, ನಾನು ಹಾಗೇ ಮಾಡಿ ಸಿಕ್ಕಾಕೊಂಡವಳು.

ನಾನು ನರ್ಸ್, ವಾರ್ಡಿಂದ ರಿಸರ್ಚಿಗೆ ಬಂದ ಹೊಸದು. ಶುಗರ್ ಟ್ರಯಲ್, ಹಳೇ ಮಾತ್ರೆ ಜೊತೆ ಇನ್ನೊಂದು, ಕೆಲವ್ರಿಗೆ ಅದು ಔಷಧಿನೇ ಇಲ್ದಿರೋ ಪ್ಲಸೀಬೊ. ಹೊರಗೆ ಕ್ಯೂ, ಒಳಗೆ ಒಬ್ರು ಅಜ್ಜಿ. "ಹೊಸ ಮಾತ್ರೆ ಅಜ್ಜಿ, ಬ್ಲಡ್ ಟೆಸ್ಟೂ ಫ್ರೀ" ಅಂದೆ, ಐದೇ ನಿಮಿಷ, ಹೆಬ್ಬೆಟ್ಟು ಒತ್ತಿಸ್ದೆ. ಸಾಕ್ಷಿ ಜಾಗ ಖಾಲಿ ಇತ್ತು. ರಾತ್ರಿ ಡ್ಯೂಟಿಗೆ ಬಂದ ಆಯಾನ ಕರೆದು ಸಹಿ ಹಾಕಿಸಿ ಟೈಮು ಮಾತ್ರ ಬೆಳಿಗ್ಗೇದು ಬರೆದೆ. ಟ್ರಯಲ್ ಕಾಗದ ಪತ್ರ ಚೆಕ್ ಮಾಡೋಕೆ ಮಾನಿಟರ್ ಅಂತ ಬಂದವ್ರು ಡ್ಯೂಟಿ ರಿಜಿಸ್ಟರ್ ತರಿಸಿ ನೋಡಿದ್ರು, ಮುಗೀತು ಕಥೆ.

ಇದು ಸರಿಯಾಗಿ ಅರ್ಥ ಮಾಡ್ಕೊಳಿ, ನಂಗೆ ಆಗ ಯಾರೂ ಹೇಳಿರ್ಲಿಲ್ಲ. ಸಾಕ್ಷಿ ಅಂದ್ರೆ ಬರೀ ಸಹಿ ಹಾಕೋರಲ್ಲ, ಕೂತು ಕೇಳೋರು. 2019ರ ಕ್ಲಿನಿಕಲ್ ಟ್ರಯಲ್ ರೂಲ್ಸಲ್ಲಿ ಇರೋದೇ ಅದು, ಮೊದಲಿಂದ ಕೊನೇವರೆಗೂ ಅಲ್ಲೇ ಇರಬೇಕು, ಟ್ರಯಲ್‌ಗೆ ಸಂಬಂಧ ಇರಬಾರ್ದು. ಫಾರಂನಲ್ಲಿ ಇರೋದನ್ನೇ ನೀವು ಹೇಳಿದ್ರಾ ಇಲ್ವಾ ಅಂತ ನೋಡೋರು ಅವರೊಬ್ರೇ, ಹಾಗಾಗಿ ಓದೋಕೂ ಬರಬೇಕು. ನಮ್ಮಾಯಾ ಅಲ್ಲಿರ್ಲಿಲ್ಲ, ಓದೋಕೆ ಬರ್ತಿರ್ಲಿಲ್ಲ, ಸಾಲದ್ದಕ್ಕೆ ನಾನು ಹೇಳಿದ್ರೆ ಇಲ್ಲ ಅನ್ನೋ ಹಾಗೂ ಇರ್ಲಿಲ್ಲ ಪಾಪ. ಅದ್ರ ಮೇಲೆ ಸುಳ್ಳು ಟೈಮು. ಖಾಲಿ ಬಿಟ್ಟಿದ್ರೆ ತಪ್ಪು ಅನ್ನಿಸ್ಕೊಳ್ತಿತ್ತು, ನಾನು ತುಂಬಿಸಿದ್ದಕ್ಕೆ ಮೋಸ ಆಯ್ತು. ನನ್ನ ವಾಪಸ್ ವಾರ್ಡಿಗೆ ಹಾಕಿದ್ರು.

ಅದಕ್ಕಿಂತ ಚುಚ್ಚಿದ್ದು ಬೇರೆ. ಅಜ್ಜಿಗೆ ಮತ್ತೆ ಕನ್ಸೆಂಟ್ ತಗೊಂಡಾಗ ಪಕ್ಕದ ಮನೆ ಟೀಚರ್ ಸಾಕ್ಷಿಗೆ ಕೂತಿದ್ರು. ಎಲ್ಲಾ ಕೇಳಿ ಅಜ್ಜಿ, "ಹಂಗಾರೆ ಇಷ್ಟ್ ದಿನ ನಾನ್ ನುಂಗಿದ್ದು ಬರೀ ಸುಳ್ ಮಾತ್ರೆನೂ ಇರಬೋದಾ ಸಿಸ್ಟರೇ?" ಅಂದ್ರು. ಅವತ್ತೇ ಟ್ರಯಲ್ ಬಿಟ್ರು. ಕಾರಣ ಹೇಳಬೇಕಾಗಿಲ್ಲ, ಅವರಿಷ್ಟ.

ನಿಮ್ಮ ಪ್ರಶ್ನೆನೇ ಸರಿ ಇಲ್ಲ ಕಣ್ರೀ, ಹೆಬ್ಬೆಟ್ಟು ಸಾಕಾ ಅಂತಲ್ಲ, ಅವ್ರಿಗೆ ತಿಳೀತಾ ಅಂತ ಕೇಳ್ಕೊಳಿ. ನಾನಾಗಿದ್ರೆ "ನೀವೇ ಹೇಳಿ, ಏನು ಮಾಡ್ತೀವಿ ನಿಮಗೆ?" ಅಂತ ಅವರ ಬಾಯಲ್ಲೇ ಹೇಳಿಸ್ತೀನಿ. ಡಾಕ್ಟರ್ ಹೇಳಿದ್ರು ಅನ್ನೋ ಮಾತು ಆಡಿಟ್ ದಿನ ಕೆಲ್ಸಕ್ಕೆ ಬರಲ್ಲ, ಅಲ್ಲಿರೋದು ನಿಮ್ಮ ಕೈಬರಹ. ಫಾರಂ ಕಾಪಿ ಕೊಟ್ಟು ಮನೆಗೆ ಕಳಿಸಿ, ಮೊಮ್ಮಕ್ಕಳ ಹತ್ರ ಓದಿಸ್ಕೊಂಡು ಬಂದು ಬೇಡ ಅಂದ್ರೆ ಅನ್ಲಿ ಬಿಡಿ, ಎನ್‌ರೋಲ್‌ಮೆಂಟ್ ಟಾರ್ಗೆಟ್ ಡಾಕ್ಟರ್ ತಲೆನೋವು.