ಹಳೆ ಆಲ್ಟೊಗೆ ಕಡಿಮೆ ಖರ್ಚಿನಲ್ಲಿ ಪೇಂಟ್ ಮಾಡಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: 2011ರ ಬಿಳಿ ಆಲ್ಟೊ ಇದೆ. ಟಾಪ್, ಬಾನೆಟ್ ಮಂಕಾಗಿದೆ. ಎರಡು ಬಾಗಿಲ ಕೆಳಗೆ ತುಕ್ಕು. ಹಿಂದಿನ ಬಂಪರ್ ಗೀಚಿದೆ. ಸರ್ವೀಸ್ ಸೆಂಟರ್‌ನವರು ಹೇಳಿದ ರೇಟಿಗೆ ಇನ್ನೊಂದು ಹಳೆ ಕಾರೇ ಬರುತ್ತೆ. ರಸ್ತೆ ಬದಿಯ ಶೆಡ್‌ನಲ್ಲಿ 15 ಸಾವಿರಕ್ಕೆ ಇಡೀ ಕಾರು ಮಾಡಿಕೊಡ್ತೀನಿ ಅಂದಿದ್ದಾರೆ. ಯಾವುದು ಒಳ್ಳೆಯದು, ಹಾಗೇ ಬಣ್ಣವನ್ನು ಕೆಂಪಿಗೆ ಬದಲಾಯಿಸಬಹುದಾ?

ಎರಡೂ ಬೇಡ. ಇಡೀ ಕಾರಿಗೆ ಪೇಂಟ್ ಮಾಡಿಸುವ ಯೋಚನೆಯನ್ನೇ ಬಿಡಿ. ನನ್ನ ಹತ್ತಿರ 2003ರ ಸಿಲ್ವರ್ ಝೆನ್ ಇದೆ. ಅದಕ್ಕೆ ತುಮಕೂರಿನಲ್ಲಿ ಕೆಲಸ ಮಾಡಿಸಿದಾಗ ಪೇಂಟರ್‌ಗಳ ಜೊತೆ ಕೂತು ಸಾಕಷ್ಟು ಮಾತಾಡಿದ್ದೇನೆ. ಪೇಂಟ್‌ನಲ್ಲಿ ದುಡ್ಡು ಉಳಿಸಬೇಕಂದ್ರೆ ರೇಟು ಇಳಿಸಬಾರದು, ಕೆಲಸದ ಜಾಗ ಇಳಿಸಬೇಕು. ನಾಲ್ಕು ಪ್ಯಾನಲ್ (ಬಾಗಿಲು, ಬಾನೆಟ್‌ನಂಥ ಒಂದೊಂದು ಭಾಗ) ಸರಿಯಾಗಿ ಮಾಡಿಸುವ ದುಡ್ಡಿನಲ್ಲಿ ಇಡೀ ಕಾರಿಗೆ ಬಣ್ಣ ಹೊಡೆಸಿದರೆ ಎಲ್ಲೋ ಮೋಸ ಆಗಲೇಬೇಕು ಅಲ್ವಾ?

ಕಾರಣ ಇದೆ. ಫ್ಯಾಕ್ಟರಿಯಲ್ಲಿ ಬರೀ ತಗಡಿನ ಬಾಡಿಯನ್ನು ಪ್ರೈಮರ್ (ಬಣ್ಣಕ್ಕೂ ಮುಂಚಿನ ಅಡಿ ಲೇಪ) ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಮೂಲೆ ಮೂಲೆಗೂ ಪ್ರೈಮರ್ ಹತ್ತಿಸುತ್ತಾರೆ. ಆಮೇಲೆ 140 ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ ಬೇಯಿಸುತ್ತಾರೆ. ಸೀಟು, ವೈರು, ಪ್ಲಾಸ್ಟಿಕ್ ಎಲ್ಲ ಸೇರಿದ ಮೇಲೆ ಅಷ್ಟು ಬಿಸಿ ಕೊಡೋಕೆ ಆಗಲ್ಲ. ದೊಡ್ಡ ಪೇಂಟ್ ಬೂತ್‌ನಲ್ಲೂ 60 ಡಿಗ್ರಿ ಆಸುಪಾಸಿಗೆ ನಿಲ್ಲಿಸುತ್ತಾರೆ. ಅಂದರೆ ಎಷ್ಟೇ ಖರ್ಚು ಮಾಡಿದರೂ ಕಂಪನಿ ಪೇಂಟಿನ ಗಟ್ಟಿತನ ಮತ್ತೆ ಬರಲ್ಲ. ನಿಮ್ಮ ಫೆಂಡರ್, ಹಿಂದಿನ ಬಾಗಿಲು, ಡಿಕ್ಕಿಯ ಮೇಲೆ ಅದು ಇನ್ನೂ ಚೆನ್ನಾಗಿದ್ದರೆ ಸುಮ್ನೆ ಉಜ್ಜಿ ತೆಗೆಸಬೇಡಿ.

ಮೊದಲು ಮಂಕಾಗಿರುವ ಟಾಪ್ ನೋಡಿ. ಸ್ಪೇರ್ಸ್ ಅಂಗಡಿಯಲ್ಲಿ ರಬ್ಬಿಂಗ್ ಕಾಂಪೌಂಡ್ ಸಿಗುತ್ತದೆ, ಒಂದು ಚಿಕ್ಕ ಡಬ್ಬಿ ಸಾಕು. ಕಾರು ತೊಳೆದು ಒರೆಸಿ, ನೆರಳಲ್ಲಿ ನಿಲ್ಲಿಸಿ, ಅಂಗೈ ಅಗಲದ ಜಾಗಕ್ಕೆ ಒದ್ದೆ ಬಟ್ಟೆಯಲ್ಲಿ ಕಾಂಪೌಂಡ್ ಹಾಕಿ ಉಜ್ಜಿ. ಸುಣ್ಣದ ಗೋಡೆಗೆ ಒರಗಿದ ಹಾಗೆ ಬಟ್ಟೆಗೆ ಬಿಳಿ ಹತ್ತಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೇಲೆ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಪದರ, ಇಲ್ಲದ ಸಾದಾ ಬಣ್ಣ ಅದು. ಸತ್ತಿರುವುದು ಮೇಲಿನ ಪದರ ಮಾತ್ರ, ಕೆಳಗೆ ಹೊಳಪು ಇದೆ. ಉಜ್ಜಿದ ಜಾಗ ಹೊಳೆಯುತ್ತಾ ಅಂತ ಅಲ್ಲೇ ಗೊತ್ತಾಗುತ್ತೆ. ಹೊಳೆದರೆ ಟಾಪ್, ಬಾನೆಟ್ ಎರಡಕ್ಕೂ ಪೇಂಟ್ ಬೇಡ. ಮಿಷಿನ್ ಪಾಲಿಶ್ ಮಾಡಿಸಿ ವ್ಯಾಕ್ಸ್ ಹಚ್ಚಿಸಿ, ಕೆಲವೇ ಸಾವಿರದಲ್ಲಿ ಮುಗಿಯುತ್ತೆ. ಅಂಚು, ಮೂಲೆಗಳಲ್ಲಿ ಮಾತ್ರ ಜಾಸ್ತಿ ಉಜ್ಜಬೇಡಿ, ಅಲ್ಲಿ ಪೇಂಟ್ ತೆಳ್ಳಗಿರುತ್ತದೆ. ನನ್ನ ಸಿಲ್ವರ್ ಝೆನ್‌ಗೆ ಈ ದಾರಿ ಇರಲಿಲ್ಲ. ಮೆಟಾಲಿಕ್ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇರುತ್ತದೆ. ಅದು ಬಿಸಿಲಿಗೆ ಸಿಪ್ಪೆ ಎದ್ದ ಮೇಲೆ ಯಾವ ಪಾಲಿಶ್‌ಗೂ ಬಗ್ಗಲ್ಲ. ಬಿಳಿ ಕಾರಿನವರು ಈ ವಿಷಯದಲ್ಲಿ ಪುಣ್ಯವಂತರು.

ತುಕ್ಕಿನ ವಿಷಯಕ್ಕೆ ಬರೋಣ, ನಿಮ್ಮ ನಿಜವಾದ ಖರ್ಚು ಇಲ್ಲಿದೆ. ಬಾಗಿಲ ಕೆಳಗಿನ ತುಕ್ಕು ಸಾಮಾನ್ಯವಾಗಿ ಹೊರಗಿಂದ ಬರುವುದಲ್ಲ. ಗ್ಲಾಸಿನ ಪಕ್ಕದ ರಬ್ಬರ್ ದಾಟಿ ಮಳೆ ನೀರು ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಗೆ ಹೋಗಲಿ ಅಂತ ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಧೂಳು, ಎಲೆ ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತೆ, ತುಕ್ಕು ತಗಡನ್ನು ಒಳಗಿಂದ ತಿನ್ನುತ್ತಾ ಬರುತ್ತೆ. ನಿಮಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಹಿಂದೆ ತಗಡು ಅರ್ಧ ಹೋಗಿರುತ್ತದೆ. ಇವತ್ತೇ ಒಂದು ತಂತಿ ತಗೊಂಡು ಆ ತೂತುಗಳನ್ನು ಚುಚ್ಚಿ ನೋಡಿ. ಬ್ಯಾಟರಿ ಕೂರುವ ತಟ್ಟೆ, ಮ್ಯಾಟ್ ಕೆಳಗಿನ ಫ್ಲೋರ್, ಸ್ಟೆಪ್ನಿ ಇಡುವ ಗುಂಡಿ, ರನ್ನಿಂಗ್ ಬೋರ್ಡ್, ಇವನ್ನೂ ನೋಡಿಬಿಡಿ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋದರೆ ಅಲ್ಲಿಗೆ ಪೇಂಟರ್ ಅಲ್ಲ, ವೆಲ್ಡರ್ ಬೇಕು.

15 ಸಾವಿರದ ಶೆಡ್‌ನಲ್ಲಿ ಏನಾಗುತ್ತೆ ಅಂತ ಹೇಳ್ತೀನಿ. ತುಕ್ಕಿನ ಮೇಲೆ ಎಮರಿ ಪೇಪರ್ ನಾಲ್ಕು ಸಲ ಆಡಿಸಿ, ತಗ್ಗು ತುಂಬುವ ಪುಟ್ಟಿ ಮೆತ್ತುತ್ತಾರೆ. ಬೀಡಿಂಗ್, ಹ್ಯಾಂಡಲ್ ಬಿಚ್ಚದೆ ಟೇಪ್ ಅಂಟಿಸಿ ಮೇಲೆ ಬಣ್ಣ ಹೊಡೆಯುತ್ತಾರೆ. ಅದೂ ಬೇಗ ಒಣಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಅಥವಾ ಸಿಂಥೆಟಿಕ್ ಎನಾಮಲ್. ಕೊಟ್ಟ ದಿನ ಫಳಫಳ ಅನ್ನುತ್ತೆ. ಪುಟ್ಟಿ ನೀರು ಹೀರುವ ವಸ್ತು. ಹಿಂದಿನಿಂದ ತೇವ ಬಂದರೆ ಮೊದಲ ಮಳೆಗಾಲದಲ್ಲೇ ಗುಳ್ಳೆ ಏಳುತ್ತದೆ. ರಬ್ಬರ್ ಅಂಚಿನಲ್ಲಿ ಪೇಂಟ್ ಎದ್ದು ಹಾಳೆ ಹಾಳೆಯಾಗಿ ಬರುತ್ತದೆ. ಶೆಡ್‌ನವರನ್ನು ಬೈದು ಪ್ರಯೋಜನ ಇಲ್ಲ. ಆ ರೇಟಿಗೆ ಅಷ್ಟೇ ಆಗೋದು. ಪೇಂಟಿಂಗ್‌ನಲ್ಲಿ ಬಹುಪಾಲು ಕೂಲಿ ಹೋಗುವುದು ಉಜ್ಜುವುದಕ್ಕೆ, ಬಣ್ಣ ಹೊಡೆಯುವುದು ಒಂದು ಮಧ್ಯಾಹ್ನದ ಕೆಲಸ.

ಆದ್ದರಿಂದ ಅದೇ 15 ಸಾವಿರವನ್ನು ತಗೊಂಡು ಇನ್ನೊಂದು ಒಳ್ಳೆ ಶೆಡ್‌ಗೆ ಹೋಗಿ, ತುಕ್ಕು ಹಿಡಿದ ಎರಡು ಬಾಗಿಲು ಮಾತ್ರ ಮಾಡಿಸಿ. ಪಾಲಿಶ್‌ಗೆ ಬಗ್ಗದಿದ್ದರೆ ಟಾಪ್, ಬಾನೆಟ್ ಸೇರಿಸಿ. ನಮ್ಮ ಊರಲ್ಲಿ ನನಗೆ ಪ್ಯಾನಲ್‌ಗೆ ಮೂರು ಸಾವಿರದ ಆಸುಪಾಸು ಬಿತ್ತು, ವೆಲ್ಡಿಂಗ್ ಬೇರೆ. ಬೆಂಗಳೂರಿನಲ್ಲಿ ಜಾಗದ ಬಾಡಿಗೆ ಜಾಸ್ತಿ, ರೇಟೂ ಜಾಸ್ತಿ. ಊರಿಗೆ ಹೋಗಿಬರುವವರಾದರೆ ಜಿಲ್ಲಾ ಕೇಂದ್ರದಲ್ಲಿ ವಿಚಾರಿಸಿ. ಶೆಡ್ ಹುಡುಕುವಾಗ ಮುಗಿದ ಕಾರು ನೋಡಬೇಡಿ, ಅರ್ಧ ಕೆಲಸ ಆಗಿರುವ ಕಾರು ನೋಡಿ. ಹ್ಯಾಂಡಲ್, ಲೈಟು ಬಿಚ್ಚಿಟ್ಟಿದ್ದಾರಾ, ಬರೀ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆದಿದ್ದಾರಾ, ಪುಟ್ಟಿ ತೆಳ್ಳಗಿದೆಯಾ ಅಥವಾ ಬೆರಳು ದಪ್ಪ ಇದೆಯಾ. ಎರಡು ಮೂರು ಮಿಲಿಮೀಟರ್‌ಗಿಂತ ದಪ್ಪ ಪುಟ್ಟಿ ಬೇಕಾಗಿದೆ ಅಂದರೆ ಟಿಂಕರಿಂಗ್ (ತಗಡು ತಟ್ಟಿ ನೇರ ಮಾಡುವ ಕೆಲಸ) ಸರಿಯಾಗಿ ಮಾಡಿಲ್ಲ ಅಂತ ಅರ್ಥ.

ಮಾತಾಡುವಾಗ ‘2ಕೆ ಪಿಯು ಪೇಂಟ್’ ಅಂತ ಸ್ಪಷ್ಟವಾಗಿ ಹೇಳಿ. ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಪೇಂಟ್ ಅದು. ಸಾದಾ ಬಿಳಿಗೆ ಮೇಲೆ ಬೇರೆ ಕ್ಲಿಯರ್ ಬೇಕಿಲ್ಲ, ಇಲ್ಲೂ ನಿಮಗೆ ಉಳಿತಾಯ. ಸಾಧ್ಯವಾದರೆ ಪೇಂಟ್, ಹಾರ್ಡ್‌ನರ್, ಅದೇ ಕಂಪನಿಯ ಥಿನ್ನರ್ ನೀವೇ ತಂದುಕೊಡಿ. ಬೆಂಗಳೂರಾದರೆ ಜೆಸಿ ರೋಡ್ ಕಡೆ ಬಣ್ಣದ ಕಂಪನಿ ಕೋಡ್ ಹೇಳಿದರೆ ಬಣ್ಣ ಕಲಸಿಕೊಡುವ ಅಂಗಡಿಗಳಿವೆ. ಮಾರುತಿಯ ಸುಪೀರಿಯರ್ ವೈಟ್ ಆಗಿದ್ದರೆ ಕೋಡ್ 26ಯು. ಹದಿನಾಲ್ಕು ಹದಿನೈದು ವರ್ಷ ಬಿಸಿಲು ಕಂಡ ಬಿಳಿ ಈಗ ಆ ಕೋಡ್‌ನ ಬಿಳಿ ಅಲ್ಲ, ಒಂಚೂರು ಹಳದಿಗೆ ತಿರುಗಿರುತ್ತದೆ. ಕೋಡ್ ನಂಬಿಕೊಂಡರೆ ಬಾಗಿಲು ಒಂದು ಬಿಳಿ, ಫೆಂಡರ್ ಒಂದು ಬಿಳಿ ಆಗುತ್ತೆ. ಪೆಟ್ರೋಲ್ ಹಾಕುವ ಜಾಗದ ಹೊರಗಿನ ಬಿಳಿ ಮುಚ್ಚಳ ಬಿಚ್ಚಿ, ಪಾಲಿಶ್ ಮಾಡಿ, ಅಂಗಡಿಗೆ ತಗೊಂಡು ಹೋಗಿ. ಅದಕ್ಕೆ ಹೊಂದಿಸಿ ಕಲಸಿಕೊಡಲು ಹೇಳಿ. ಪೇಂಟರ್ ಮೊದಲು ಗೊಣಗಬಹುದು, ಸಾಮಾನಿನಲ್ಲಿ ಅವರಿಗೂ ಸ್ವಲ್ಪ ಉಳಿಯುತ್ತೆ ನೋಡಿ. ಕೂಲಿ ಸ್ವಲ್ಪ ಏರಿಸಿ ಒಪ್ಪಿಸಿ.

ಕನ್ನಡಿ, ಹ್ಯಾಂಡಲ್, ಬಾಗಿಲ ಬೀಡಿಂಗ್, ಒಳಗಿನ ಟ್ರಿಮ್, ಇವನ್ನು ನೀವೇ ಬಿಚ್ಚಿ ಕೊಡಬಹುದು. ಬಿಚ್ಚುವ ಮುಂಚೆ ಫೋಟೊ ತೆಗೆದು, ಸ್ಕ್ರೂಗಳನ್ನು ಬೇರೆ ಬೇರೆ ಕವರ್‌ನಲ್ಲಿ ಹಾಕಿಟ್ಟರೆ ಸಾಕು. ಬಂಪರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪ್ಲಾಸ್ಟಿಕ್‌ಗೆ ಬೇರೆ ಪ್ರೈಮರ್ ಬೇಕು, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತೆ. ಆಲ್ಟೊಗೆ ಮಾರ್ಕೆಟ್‌ನಲ್ಲಿ ಬಣ್ಣ ಹಚ್ಚಿದ ಬಂಪರೇ ಸಿಗುತ್ತದೆ, ಎರಡರ ರೇಟು ಹೋಲಿಸಿ ನೋಡಿ.

ಕಂಪ್ರೆಸರ್ ಬಾಡಿಗೆಗೆ ತಂದು ಮನೆಯಲ್ಲೇ ಹೊಡೆಯಿರಿ ಅಂತ ಕೆಲವರು ಹೇಳ್ತಾರೆ. ಪಿಯು ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಹೋದರೆ ಆಸ್ತಮಾ ತರಿಸುವಂಥದ್ದು. ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಅಂತೂ ಬೇಡವೇ ಬೇಡ. ಬಿಚ್ಚುವುದು, ತೊಳೆಯುವುದು, ಪಾಲಿಶ್, ಇಷ್ಟು ನಮ್ಮ ಕೆಲಸ.

ಈಗ ಕೆಂಪು ಬಣ್ಣ. ಆಗುತ್ತೆ, ಆದರೆ ಕಡಿಮೆ ಖರ್ಚು ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಬಾಗಿಲ ಒಳ ಅಂಚು, ಡಿಕ್ಕಿ ಒಳಗೆ, ಬಾನೆಟ್ ಕೆಳಗೆ ಎಲ್ಲ ಬಿಳಿ ಇರುತ್ತದೆ. ಅದನ್ನೂ ಕೆಂಪು ಮಾಡಬೇಕು, ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಗುಟ್ಟು ರಟ್ಟು. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ, ಆದ್ದರಿಂದ ಆರ್‌ಟಿಒದಲ್ಲಿ ಅದನ್ನೂ ಬದಲಾಯಿಸಿ ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಹಾಂ, ಜೀಪ್ ನೋಡಿ ಮಿಲಿಟರಿ ಹಸಿರು ಆಸೆ ಬಂದರೆ ಅದನ್ನೂ ಬಿಡಿ. ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ.

ಮಾರುವ ಯೋಚನೆ ಇದ್ದರೂ ಪೇಂಟ್ ಮಾಡಿಸಬೇಡಿ. ಹಳೆ ಕಾರಿಗೆ ಹೊಸ ಬಣ್ಣ ಕಂಡರೆ ಕೊಳ್ಳುವವರು ಆಕ್ಸಿಡೆಂಟ್ ಗಾಡಿ ಅಂದುಕೊಳ್ಳುತ್ತಾರೆ. ಪಾಲಿಶ್ ಮಾಡಿಸಿ ಕೊಟ್ಟುಬಿಡಿ.

ಕೆಲಸ ಮಳೆಗಾಲದಲ್ಲಿ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಪೇಂಟ್ ಹೊಳಪು ಬಿಟ್ಟು ಹಾಲು ಹಾಲಾಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಶೆಡ್‌ಗೆ ಬಿಡುವ ಮುಂಚೆ ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಹೊಡೆಯಬೇಡಿ. ಸಿಲಿಕಾನ್ ಅಂಟಿದ ಜಾಗದಲ್ಲಿ ಪೇಂಟ್ ಹಿಡಿಯದೆ ಮೀನಿನ ಕಣ್ಣಿನಂಥ ಚುಕ್ಕೆ ಬೀಳುತ್ತದೆ. ಅರ್ಧ ಅಡ್ವಾನ್ಸ್ ಕೊಡಿ. ತುಕ್ಕು ಕತ್ತರಿಸಿ ವೆಲ್ಡ್ ಮಾಡಿ ಪ್ರೈಮರ್ ಹೊಡೆದ ದಿನ ಹೋಗಿ ಕಣ್ಣಾರೆ ನೋಡಿ, ಪುಟ್ಟಿ ಬಿದ್ದ ಮೇಲೆ ಯಾವ ದೇವರಿಗೂ ಒಳಗಿನದು ಕಾಣಲ್ಲ. ಗಾಡಿ ತಗೊಳ್ಳುವುದು ಬೆಳಗಿನ ಬಿಸಿಲಲ್ಲಿ, ಸಂಜೆ ಟ್ಯೂಬ್‌ಲೈಟಿನ ಕೆಳಗೆ ಅಲ್ಲ. ಬಾಗಿಲ ತಳದ ತೂತುಗಳು ಪೇಂಟಿನಿಂದ ಮುಚ್ಚಿಲ್ಲ ತಾನೇ ಅಂತ ನೋಡಿ. ಒಂದು ತಿಂಗಳು ವ್ಯಾಕ್ಸ್ ಬೇಡ, ಕವರ್ ಹೊದಿಸುವುದೂ ಬೇಡ.

2011ರ ಗಾಡಿ ಅಂದಮೇಲೆ 2026ರಲ್ಲಿ ನಿಮ್ಮ ಆರ್‌ಸಿಗೆ 15 ವರ್ಷ ತುಂಬುತ್ತದೆ. 2022ರ ಏಪ್ರಿಲ್‌ನಿಂದ ಕಾರಿನ ಆರ್‌ಸಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. ಗ್ರೀನ್ ಟ್ಯಾಕ್ಸ್ ಬೇರೆ. ಆ ದುಡ್ಡು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಪೇಂಟ್ ಲೆಕ್ಕ ಹಾಕಿ. ಬಾಗಿಲ ತಳದ್ದು ಮತ್ತು ಮ್ಯಾಟ್ ಎತ್ತಿ ಫ್ಲೋರಿನದು ಎರಡು ಫೋಟೊ ಹಾಕಿದರೆ, ವೆಲ್ಡಿಂಗ್ ಬೇಕಾ ಬೇಡವಾ ಅಂತ ನೋಡಿ ಹೇಳ್ತೀನಿ.